ಮೈನರ್ಸ್ ರೈಟ್ ಇದೆ ಅಂತ ಪಾರ್ಕಿನಲ್ಲಿ ಗುದ್ದಲಿ ಎತ್ತಬೇಡಿ

ಮೆಲ್ಬರ್ನ್‌ಗೆ ಬಂದು ಕೆಲಸ, ಬಾಡಿಗೆ ಮನೆ, ಮಕ್ಕಳ ಶಾಲೆ ಎಲ್ಲ ಒಂದು ಹದಕ್ಕೆ ಬಂದ ಮೇಲೆ ನಮ್ಮವರು ವಾರಾಂತ್ಯಕ್ಕೆ ಬ್ಯಾಲರಾಟ್, ಬೆಂಡಿಗೊ ಕಡೆ ಕಾರು ತಿರುಗಿಸುತ್ತಾರೆ. ಅಲ್ಲಿ ಕಾಡಿನ ಅಂಚಿನಲ್ಲಿ ಯಾರೋ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೆಟಲ್ ಡಿಟೆಕ್ಟರ್ ಆಡಿಸುತ್ತಿರುವುದು ಕಣ್ಣಿಗೆ ಬಿತ್ತೋ, ಸೋಮವಾರ ನನಗೆ ಫೋನು: "ನಾವೂ ಚಿನ್ನ ಹುಡುಕಬಹುದಾ? ಸಿಕ್ಕಿದ್ರೆ ನಮ್ಮದೇನಾ?" ಎರಡಕ್ಕೂ ಉತ್ತರ ಹೌದು. "ಎಲ್ಲಿ ಹುಡುಕಬಹುದು?" ಅಂತ ಮಾತ್ರ ಯಾರೂ ಕೇಳುವುದಿಲ್ಲ. ಎಡವುವುದೆಲ್ಲ ಅಲ್ಲೇ.

ಮೊದಲು ಕಾಗದದ ವಿಷಯ. ವಿಕ್ಟೋರಿಯಾ ರಾಜ್ಯದಲ್ಲಿ ಹವ್ಯಾಸಕ್ಕೆ ಚಿನ್ನ ಹುಡುಕಲು ಬೇಕಾದ ಪರವಾನಗಿಯ ಹೆಸರು ಮೈನರ್ಸ್ ರೈಟ್, ಅಂದರೆ ಗಣಿಗರ ಹಕ್ಕು. 30 ಡಾಲರ್ ಆಸುಪಾಸು ಕೊಟ್ಟರೆ 10 ವರ್ಷಕ್ಕೆ ಸಿಗುತ್ತದೆ, ಆನ್‌ಲೈನ್‌ನಲ್ಲೇ ಕೊಳ್ಳಬಹುದು. ಅದು ನಿಮ್ಮ ಹೆಸರಿಗೆ ಮಾತ್ರ. ಗಂಡನ ಕಾಗದ ತೋರಿಸಿ ಹೆಂಡತಿ, ಅಣ್ಣನದು ತೋರಿಸಿ ತಮ್ಮ ಹುಡುಕುವ ಹಾಗಿಲ್ಲ. ಅಧಿಕಾರಿ ಕೇಳಿದಾಗ ತೋರಿಸಲೇಬೇಕು, ಹಾಗಾಗಿ ಜೇಬಿನಲ್ಲಿರಲಿ. ನಿಯಮ ಪ್ರಕಾರ ಹುಡುಕಿದರೆ ಸಿಕ್ಕ ಚಿನ್ನ ಪೂರ್ತಿ ನಿಮ್ಮದು, ಸರ್ಕಾರಕ್ಕೆ ಪಾಲಿಲ್ಲ.

ಈ ಹೆಸರಿನ ಹಿಂದೆ ರಕ್ತ ಹರಿದ ಕಥೆಯಿದೆ. 1851ರಲ್ಲಿ ಇಲ್ಲಿ ಚಿನ್ನ ಸಿಕ್ಕಾಗ ಸರ್ಕಾರ ತಿಂಗಳಿಗೆ 30 ಶಿಲಿಂಗ್ ಪರವಾನಗಿ ಶುಲ್ಕ ಹೇರಿತು, ಚಿನ್ನ ಸಿಗಲಿ ಬಿಡಲಿ. ಪೊಲೀಸರು ಗುಂಡಿಯಿಂದ ಗುಂಡಿಗೆ ಹೋಗಿ ಕಾಗದ ಇಲ್ಲದವರನ್ನು ಎಳೆದೊಯ್ಯುತ್ತಿದ್ದರು. ಸಿಟ್ಟು ಕಟ್ಟೆಯೊಡೆದು 1854ರ ಡಿಸೆಂಬರ್ 3ರಂದು ಬ್ಯಾಲರಾಟ್‌ನ ಯುರೇಕಾದಲ್ಲಿ ಸೈನಿಕರಿಗೂ ಗಣಿಗರಿಗೂ ಕಾಳಗವಾಯಿತು, 20ಕ್ಕೂ ಹೆಚ್ಚು ಗಣಿಗರು ಸತ್ತರು. ಮರುವರ್ಷವೇ ಆ ಪರವಾನಗಿ ಹೋಗಿ, ವರ್ಷಕ್ಕೆ ಒಂದು ಪೌಂಡಿನ ಮೈನರ್ಸ್ ರೈಟ್ ಬಂತು, ಜೊತೆಗೆ ಮತದಾನದ ಹಕ್ಕೂ. ಈಗಿನದರಲ್ಲಿ ಮತ ಇಲ್ಲ ಬಿಡಿ.

ಇನ್ನು ಜಾಗ. ನಾನು ಹೊಸಬರಿಗೆ ಹೇಳಿಕೊಡುವ ಸೂತ್ರ ಇಷ್ಟೇ: ಸ್ಟೇಟ್ ಫಾರೆಸ್ಟ್‌ನಲ್ಲಿ "ಬೇಡ" ಅಂತ ಹೇಳಿರುವ ಜಾಗ ಬಿಟ್ಟು ಉಳಿದ ಕಡೆ ಹುಡುಕಬಹುದು. ನ್ಯಾಷನಲ್ ಪಾರ್ಕ್‌ನಲ್ಲಿ ಇದು ತಲೆಕೆಳಗು. "ಇಲ್ಲಿ ಹುಡುಕಬಹುದು" ಅಂತ ಗೆರೆ ಎಳೆದು ಕೊಟ್ಟಿರುವ ಜಾಗ ಬಿಟ್ಟು ಉಳಿದದ್ದೆಲ್ಲ ನಿಷಿದ್ಧ. ಗ್ರ್ಯಾಂಪಿಯನ್ಸ್, ವಿಲ್ಸನ್ಸ್ ಪ್ರೊಮಂಟರಿಯಂಥ ಹೆಸರುವಾಸಿ ಪಾರ್ಕ್‌ಗಳಿಗೆ ಚಿನ್ನ ಜಾಲಿಸುವ ಪ್ಯಾನು, ಡಿಟೆಕ್ಟರ್ ಒಯ್ಯುವ ಯೋಚನೆಯೇ ಬೇಡ. ಹಳೆಯ ಚಿನ್ನದ ಸೀಮೆಯಲ್ಲಿರುವ ಕೆಲವು ಪಾರ್ಕ್‌ಗಳಲ್ಲಿ ಮಾತ್ರ ಗುರುತಿಸಿದ ಭಾಗಗಳಿವೆ: ಗ್ರೇಟರ್ ಬೆಂಡಿಗೊ, ಹೀತ್‌ಕೋಟ್-ಗ್ರೇಟೌನ್, ಚಿಲ್ಟರ್ನ್-ಮೌಂಟ್ ಪೈಲಟ್, ಕಾರಾ ಕಾರಾ. ಕಾಸಲ್‌ಮೇನ್ ಡಿಗ್ಗಿಂಗ್ಸ್ ನ್ಯಾಷನಲ್ ಹೆರಿಟೇಜ್ ಪಾರ್ಕ್‌ನಲ್ಲೂ ಅವಕಾಶ ಇದೆ. ಅಲ್ಲೂ ನಕ್ಷೆ ನೋಡದೆ ಕಾಲಿಡಬೇಡಿ. ಪಾರ್ಕ್ಸ್ ವಿಕ್ಟೋರಿಯಾದವರು ಪ್ರತಿ ಪಾರ್ಕಿಗೂ ನಕ್ಷೆ ಕೊಡುತ್ತಾರೆ; ಗಣಿ ಇಲಾಖೆಯ ಜಿಯೋವಿಕ್ ಎಂಬ ಆನ್‌ಲೈನ್ ನಕ್ಷೆಯಲ್ಲಿ ಯಾರ ಮೈನಿಂಗ್ ಲೈಸೆನ್ಸ್ (ಗಣಿ ನಡೆಸುವ ಪರವಾನಗಿ) ಎಲ್ಲಿದೆ ಅನ್ನುವುದೂ ಕಾಣುತ್ತದೆ. ಬೇರೆಯವರ ಮೈನಿಂಗ್ ಲೈಸೆನ್ಸ್ ಇರುವ ನೆಲದಲ್ಲಿ ಅವರ ಒಪ್ಪಿಗೆ ಬೇಕು, ಖಾಸಗಿ ಹೊಲದಲ್ಲಿ ಒಡೆಯನ ಒಪ್ಪಿಗೆ. ಕೆಲವು ಹೊಳೆಗಳಿಗೂ ಪ್ರತ್ಯೇಕ ನಿಷೇಧವಿದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ನಾನೇ. ಮೊದಲ ವರ್ಷ ಒಂದು ಪಾರ್ಕಿನಲ್ಲಿ ಗುರುತಿಸಿದ ಜಾಗದಲ್ಲೇ ಶುರು ಮಾಡಿದ್ದೆ. ಡಿಟೆಕ್ಟರ್ ಕಿವಿಯಲ್ಲಿ ಗುಂಯ್ ಅಂದರೆ ಲೋಕ ಮರೆತುಹೋಗುತ್ತದೆ. ನೆಲ ನೋಡಿಕೊಂಡೇ ನಡೆದು ಒಂದು ಮಣ್ಣಿನ ದಾರಿ ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ. ಆ ದಾರಿಯೇ ಗಡಿ. ಗುಂಡಿಯ ಮುಂದೆ ಮಂಡಿಯೂರಿ ಕೂತಿದ್ದಾಗ ಹಿಂದಿನಿಂದ ರೇಂಜರ್ ಬಂದು ಸಮಾಧಾನವಾಗಿಯೇ ಮಾತಾಡಿಸಿದ. ನಾನು ಹೆಮ್ಮೆಯಿಂದ ಮೈನರ್ಸ್ ರೈಟ್ ತೆಗೆದು ತೋರಿಸಿದೆ. ಆತ ಅದನ್ನು ನೋಡಿ, ಫೋನಿನಲ್ಲಿ ನಕ್ಷೆ ತೆರೆದು, ನಾವಿಬ್ಬರೂ ನಿಂತ ಜಾಗಕ್ಕೆ ಬೆರಳಿಟ್ಟ. ಗುಂಡಿ ಮುಚ್ಚಿಸಿ, ಎಚ್ಚರಿಕೆ ಕೊಟ್ಟು ಬಿಟ್ಟ. ಎಲ್ಲರಿಗೂ ಹಾಗಾಗುತ್ತದೆ ಅಂದುಕೊಳ್ಳಬೇಡಿ. ದಂಡ ಹಾಕುವ ಅಧಿಕಾರ ಅವರಿಗಿದೆ. ಈಗ ನಾನು ಜಿಪಿಎಸ್ ಇರುವ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗುತ್ತೇನೆ, ಏಕೆಂದರೆ ಆ ಕಾಡುಗಳಲ್ಲಿ ಸಿಗ್ನಲ್ ನಂಬುವಂಥದ್ದಲ್ಲ.

ಸಲಕರಣೆ ವಿಷಯ ಸರಳ: ಕೈಯಲ್ಲಿ ಮಾಡುವ ಕೆಲಸ ಮಾತ್ರ. ಪ್ಯಾನು, ಜರಡಿ, ಸಣ್ಣ ಪಿಕಾಸಿ, ಕೈಗುದ್ದಲಿ, ಡಿಟೆಕ್ಟರ್ ಸರಿ. ಅಗೆಯುವ ಯಂತ್ರ, ಸಿಡಿಮದ್ದು, ಹೊಳೆಯ ತಳ ಹೀರುವ ಡ್ರೆಜ್ ಇವೆಲ್ಲ ಇಲ್ಲ. ಮರ, ಪೊದೆ ಕಡಿಯುವಂತಿಲ್ಲ. ತೋಡಿದ ಗುಂಡಿ ಮುಚ್ಚುವುದು ಕಾನೂನೇ. ಮುಚ್ಚಿ, ಕೆದಕಿದ ತರಗೆಲೆಯನ್ನು ಮತ್ತೆ ಮೇಲೆ ಹರವಿ.

ಡಿಟೆಕ್ಟರ್‌ಗೆ ಸಾವಿರಾರು ಡಾಲರ್ ಸುರಿಯುವ ಮೊದಲು ಪ್ಯಾನಿನಲ್ಲಿ ಕೈ ಪಳಗಿಸಿ ಅಂತ ನನ್ನ ಸಲಹೆ. ಬ್ಯಾಲರಾಟ್‌ನ ಸಾವರಿನ್ ಹಿಲ್ ಮ್ಯೂಸಿಯಂನಲ್ಲಿ ಟಿಕೆಟ್ ಕೊಂಡರೆ ಸಾಕು, ಮೈನರ್ಸ್ ರೈಟ್ ಇಲ್ಲದೆಯೇ ತೊರೆಯಲ್ಲಿ ಕಲಿಯಬಹುದು. ಅಕ್ಕಿ ಜಾಲಿಸಿ ಗೊತ್ತಿದ್ದವರಿಗೆ ಅರ್ಧ ವಿದ್ಯೆ ಬಂದ ಹಾಗೆ. ಪ್ಯಾನಿನಲ್ಲಿ ಜಲ್ಲಿ ಹಾಕಿ, ನೀರಿನಲ್ಲಿ ಮುಳುಗಿಸಿ, ಮೊದಲು ಮಣ್ಣಿನ ಹೆಂಟೆಯನ್ನೆಲ್ಲ ಬೆರಳಿನಲ್ಲಿ ಕಿವುಚಬೇಕು. ಜೇಡಿ ಕರಗದಿದ್ದರೆ ಚಿನ್ನ ಅದಕ್ಕೆ ಅಂಟಿಕೊಂಡೇ ಕೊಚ್ಚಿಹೋಗುತ್ತದೆ. ಆಮೇಲೆ ಅಡ್ಡಡ್ಡ ಕುಲುಕಿ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಬೆಣಚುಕಲ್ಲು ಮೂರು ಪಟ್ಟೂ ಇಲ್ಲ, ಹಾಗಾಗಿ ಚಿನ್ನ ತಳ ಸೇರುತ್ತದೆ. ನಂತರ ಪ್ಯಾನು ವಾಲಿಸಿ ಮೇಲಿನ ಮರಳನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಬಿಡಿ. ಅಕ್ಕಿ ಜಾಲಿಸುವಾಗ ತಳದಲ್ಲಿ ಉಳಿದದ್ದನ್ನು ಎಸೆಯುತ್ತೀರಿ, ಇಲ್ಲಿ ಅದನ್ನೇ ಇಟ್ಟುಕೊಳ್ಳಬೇಕು. ಕೊನೆಗೆ ಒಂದು ಚಮಚದಷ್ಟು ಕಪ್ಪು ಮರಳು, ಅದರ ಅಂಚಿನಲ್ಲಿ ಅದೃಷ್ಟವಿದ್ದರೆ ಹಳದಿ ಚುಕ್ಕೆ. ಅದನ್ನು ನೆರಳಿಗೆ ಒಯ್ದು ನೋಡಿ: ಕಾಗೆಬಂಗಾರ ಬಿಸಿಲಿಗೆ ಮಾತ್ರ ಮಿನುಗುತ್ತದೆ, ಚಿನ್ನ ನೆರಳಿನಲ್ಲೂ ಹಳದಿಯೇ.

ದೊಡ್ಡ ಗಟ್ಟಿಯ ಆಸೆ? 1869ರಲ್ಲಿ ಮೋಲಿಯಾಗುಲ್‌ನಲ್ಲಿ ಜಾನ್ ಡೀಸನ್, ರಿಚರ್ಡ್ ಓಟ್ಸ್ ಇಬ್ಬರಿಗೆ ಮರದ ಬೇರಿನ ಪಕ್ಕ ಕೆಲವೇ ಸೆಂಟಿಮೀಟರ್ ಆಳದಲ್ಲಿ ಸುಮಾರು 70 ಕಿಲೋ ಮೀರಿದ ಗಟ್ಟಿ ಸಿಕ್ಕಿತ್ತು, ತೂಗಲು ತಕ್ಕಡಿ ಸಾಲದೆ ಒಡೆಯಬೇಕಾಯಿತು. 1980ರಲ್ಲಿ ಕಿಂಗೋವರ್ ಬಳಿ ಡಿಟೆಕ್ಟರ್‌ನಲ್ಲಿ 27 ಕಿಲೋದ್ದು ಸಿಕ್ಕಿತು. ನನಗೆ ಸಿಕ್ಕಿರುವುದು ಬಹುಪಾಲು ತುಕ್ಕು ಹಿಡಿದ ಮೊಳೆ, ಬಂದೂಕಿನ ಸೀಸದ ಗುಂಡು.

ಆ ಹಳೆಯ ವಸ್ತುಗಳ ಬಗ್ಗೆ ಒಂದು ಎಚ್ಚರಿಕೆ. ಮೈನರ್ಸ್ ರೈಟ್ ಕೊಡುವುದು ಖನಿಜದ ಹಕ್ಕು, ಚರಿತ್ರೆಯದ್ದಲ್ಲ. ಚಿನ್ನದ ಕಾಲದ ಗುಡಿಸಲಿನ ಅಡಿಪಾಯ, ಒಲೆಯ ಕಲ್ಲು, ಯಂತ್ರದ ಅವಶೇಷ ಕೆದಕಬಾರದು. ಮೂಲನಿವಾಸಿಗಳ ಕಲ್ಲಿನ ಉಪಕರಣ, ತೊಗಟೆ ತೆಗೆದ ಗುರುತಿರುವ ಮರ ಕಂಡರೆ ಮುಟ್ಟದೆ ದೂರ ಸರಿಯಿರಿ. 2006ರ ಮೂಲನಿವಾಸಿ ಪರಂಪರೆ ಕಾಯ್ದೆ ಪ್ರಕಾರ ಅವಕ್ಕೆ ಹಾನಿ ಮಾಡುವುದು ಅಪರಾಧ. ಬೆಂಡಿಗೊ, ಕಾಸಲ್‌ಮೇನ್ ಸುತ್ತಲಿನ ನೆಲ ಜಾ ಜಾ ವುರಂಗ್ ಜನರದು.

ರಾಜ್ಯ ದಾಟಿದರೆ ಈ ಕಾಗದ ನಡೆಯುವುದಿಲ್ಲ. ನ್ಯೂ ಸೌತ್ ವೇಲ್ಸ್‌ನ ನಿಯಮವೇ ಬೇರೆ, ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬೇರೆ ಲೈಸೆನ್ಸ್. ಎರಡೂ ಕಡೆ ನ್ಯಾಷನಲ್ ಪಾರ್ಕ್‌ನಲ್ಲಿ ಹುಡುಕುವಂತಿಲ್ಲ ಅಂದುಕೊಂಡೇ ಹೊರಡಿ. ಪಶ್ಚಿಮ ಆಸ್ಟ್ರೇಲಿಯಾದ್ದಕ್ಕೂ ಮೈನರ್ಸ್ ರೈಟ್ ಅಂತಲೇ ಹೆಸರು, ಆದರೆ ಅದನ್ನು ಅಲ್ಲಿಂದಲೇ ಪಡೆಯಬೇಕು. ವಿಕ್ಟೋರಿಯಾದಲ್ಲೂ ಗೆರೆಗಳು ಸರಿಯುತ್ತಿರುತ್ತವೆ: ವೊಂಬ್ಯಾಟ್-ಲರ್ಡರ್ಡರ್ಗ್, ಮೌಂಟ್ ಬ್ಯುವಾಂಗರ್, ಪಿರನೀಸ್ ಎಂಬ ಮೂರು ಹೊಸ ಪಾರ್ಕ್ ಮಾಡುವುದಾಗಿ ಸರ್ಕಾರ 2021ರಲ್ಲಿ ಹೇಳಿತು. ಹೋದ ವರ್ಷ ಹುಡುಕಿದ ಕಾಡು ಈ ವರ್ಷ ಪಾರ್ಕ್ ಆಗಿರಬಹುದು, ಹಾಗಾಗಿ ಪ್ರತಿ ಸಲವೂ ಹೊಸ ನಕ್ಷೆ ತೆರೆಯಿರಿ.

ಮಕ್ಕಳನ್ನು ಕರೆದೊಯ್ಯುವವರಿಗೆ: ಹಳೆಯ ಗಣಿಬಾವಿಗಳ ಬಾಯಿ ತರಗೆಲೆಯಿಂದ ಮುಚ್ಚಿಹೋಗಿರುತ್ತದೆ, ಓಡಲು ಬಿಡಬೇಡಿ. ಬೇಸಿಗೆಯಲ್ಲಿ ಹಾವು, ಜೊತೆಗೆ ಬೆಂಕಿ ನಿಷೇಧದ ದಿನಗಳು. ಹಳೆಯ ಗಣಿಗಳ ಬೂದುಬಣ್ಣದ ಮಣ್ಣಿನ ದಿಬ್ಬಗಳಲ್ಲಿ ಆರ್ಸೆನಿಕ್ ಎಂಬ ವಿಷ ಇರಬಹುದು. ಮಕ್ಕಳು ಅದರ ಮೇಲೆ ಆಡದಿರಲಿ, ಬುತ್ತಿ ಬಿಚ್ಚುವ ಮೊದಲು ಎಲ್ಲರೂ ಕೈ ತೊಳೆಯಲಿ. ಅದಕ್ಕೇ ಒಂದು ಕ್ಯಾನ್ ನೀರು ಕಾರಿನಲ್ಲಿ ಬೇರೆ ಇಟ್ಟಿರಿ.