ಟರ್ಕಿ ಹೇಜಲ್: ಮೊದಲು ಬೇರು, ಆಮೇಲೆ ಮರ

ಹೇಜಲ್ ಅಂದರೆ ಹೆಚ್ಚಿನವರಿಗೆ ಚಾಕೊಲೇಟಿನಲ್ಲಿ ಸಿಗುವ ಬೀಜ ನೆನಪಾಗುತ್ತದೆ. ಅದನ್ನು ಕೊಡುವ ಸಾಮಾನ್ಯ ಹೇಜಲ್ ಒಂದು ದೊಡ್ಡ ಪೊದೆ. ಬುಡದಿಂದ ಮರಿಗಳು ಏಳುತ್ತಲೇ ಇರುತ್ತವೆ, ಕತ್ತರಿಸಿದಷ್ಟೂ ಬರುತ್ತವೆ. ನನಗೆ ಬೇಕಿದ್ದದ್ದು ಹಿಮಕ್ಕೆ ಜಗ್ಗದ, ನೆರಳು ಕೊಡುವ, ನೋಡೋಕೂ ಚೆಂದ ಇರುವ ಮರ. ಹಾಗಾಗಿ ಟರ್ಕಿ ಹೇಜಲ್ ನೆಟ್ಟೆ. ಬಾಲ್ಕನ್ ನಾಡುಗಳಿಂದ ಟರ್ಕಿ, ಕಾಕಸಸ್ ದಾಟಿ ಉತ್ತರ ಇರಾನಿನವರೆಗೂ ಇದರ ತವರು. ಒಂದೇ ಕಾಂಡದಲ್ಲಿ ನೆಟ್ಟಗೆ ಏಳುತ್ತದೆ, ಮರಿ ಒಡೆಯುವುದು ತೀರಾ ಕಡಿಮೆ. ಸಾಮಾನ್ಯ ಹೇಜಲನ್ನು ಇದರ ಬುಡಕ್ಕೆ ಕಸಿ ಕಟ್ಟುವವರು ಇರುವುದೂ ಇದೇ ಕಾರಣಕ್ಕೆ.

ದೊಡ್ಡ ಸಸಿ ತಂದರೆ ಬೇಗ ಮರ ಆಗುತ್ತದೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಇದರ ತಾಯಿಬೇರು ನೇರ ಆಳಕ್ಕೆ ಇಳಿಯುತ್ತದೆ. ಬೆಳೆದ ಮೇಲೆ ಕಿತ್ತು ನೆಟ್ಟರೆ ಆ ಬೇರು ತುಂಡಾಗಿ, ಮರ ವರ್ಷಗಟ್ಟಲೆ ಮಂಕಾಗಿ ನಿಲ್ಲುತ್ತದೆ. ನಾನು ಮೊಣಕಾಲೆತ್ತರದ ಸಸಿಯನ್ನೇ ಆರಿಸಿದೆ. ಕುಂಡದಿಂದ ಹೊರಗೆ ತೆಗೆದಾಗ ತಳದಲ್ಲಿ ಬೇರು ಸುತ್ತಿಕೊಂಡಿತ್ತು. ಬೆರಳಿನಿಂದ ಮೆಲ್ಲಗೆ ಬಿಡಿಸಿದೆ. ಬಿಡಿಸಲು ಆಗದ್ದನ್ನು ಹರಿತವಾದ ಕತ್ತರಿಯಿಂದ ಕತ್ತರಿಸಿ, ಉಳಿದದ್ದನ್ನು ಕೆಳಮುಖವಾಗಿ ಹರಡಿ ಮಣ್ಣು ತುಂಬಿದೆ. ಎಲೆ ಉದುರಿ ಬೋಳಾಗಿರುವ ಕಾಲವೇ ನೆಡಲು ಒಳ್ಳೆಯದು, ನೆಲ ಮಾತ್ರ ಹೆಪ್ಪುಗಟ್ಟಿರಬಾರದು.

ಮಣ್ಣಿನ ವಿಷಯದಲ್ಲಿ ಇದಕ್ಕೆ ಹಟ ಕಡಿಮೆ. ಸುಣ್ಣದ ಅಂಶ ಇದ್ದರೂ ಸರಿ, ಜೇಡಿಯಾದರೂ ಸರಿ. ನೀರು ನಿಲ್ಲಬಾರದು ಅಷ್ಟೇ. ಗುಂಡಿ ತೋಡಿ ಬಕೆಟ್ ನೀರು ಸುರಿದು ನೋಡಿ. ಮರುದಿನವೂ ಕೊಚ್ಚೆ ಉಳಿದಿದ್ದರೆ ಜಾಗ ಬದಲಿಸಿ. ಬಿಸಿಲು ಚೆನ್ನಾಗಿ ಬೀಳಬೇಕು.

ದಿನಾ ಒಂದೊಂದು ಚೊಂಬು ನೀರು ಹಾಕುತ್ತಿದ್ದರೆ ಬೇರು ಮೇಲುಮೇಲೆಯೇ ಉಳಿದುಬಿಡುತ್ತದೆ. ಮೊದಲ ಬೇಸಿಗೆಗಳಲ್ಲಿ ವಾರಕ್ಕೊಮ್ಮೆ ಪಾತಿ ತುಂಬ, ನಿಧಾನವಾಗಿ ನೀರು ಬಿಟ್ಟೆ. ಸುತ್ತಲೂ ತರಗೆಲೆ ಹೊದಿಸಿದೆ, ಕಾಂಡಕ್ಕೆ ತಾಗದ ಹಾಗೆ. ಇಷ್ಟೆಲ್ಲ ಮಾಡಿದರೂ ಮೇಲೆ ಏನೂ ಕಾಣಲಿಲ್ಲ. ವರ್ಷಕ್ಕೆ ಒಂದು ಗೇಣು ಬೆಳೆದರೆ ಹೆಚ್ಚು. ಚಳಿಗಾಲದಲ್ಲಿ ನೋಡಿದವರು "ಇದು ಒಣಗಿ ಹೋಗಿದೆ ಅಲ್ವಾ?" ಅನ್ನುತ್ತಿದ್ದರು. ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ಒಳಗಿನ ಹಸಿರು ತೋರಿಸುತ್ತಿದ್ದೆ. ಬೇರು ಊರಿದ ಮೇಲೆ ಬೆಳವಣಿಗೆ ಜೋರಾಯಿತು. ಆಮೇಲೆ ನಾನು ನೀರು ಹಾಕುವುದನ್ನೇ ಬಿಟ್ಟೆ. ಬರ ತಡೆಯುವುದರಲ್ಲಿ ಇದು ಗಟ್ಟಿ. ಚಳಿಯಂತೂ ಸುಮಾರು ಮೈನಸ್ 30 ಡಿಗ್ರಿವರೆಗೂ ತಡೆಯುತ್ತದೆ. ಚಳಿಗಾಲವೇ ಇಲ್ಲದ ಬಿಸಿ ನಾಡಿನಲ್ಲಿ ಮಾತ್ರ ಇದನ್ನು ನೆಡುವುದು ಬೇಡ.

ಸವರುವ ಕೆಲಸ ಬಹುತೇಕ ಇಲ್ಲ. ಎಳೆಯ ಮರ ತಾನಾಗಿಯೇ ಗೋಪುರದ ಹಾಗೆ ನಿಲ್ಲುತ್ತದೆ. ತುದಿ ಎರಡಾಗಿ ಕವಲೊಡೆದಾಗ ಒಂದನ್ನು ತೆಗೆದೆ, ಅಷ್ಟೇ. ತೋಟಗಳಲ್ಲಿ 15-20 ಮೀಟರ್ ಏರುವ ಮರ ಇದು. ಗೋಡೆ, ತಂತಿ ಪಕ್ಕದಲ್ಲಿ ನೆಡಬೇಡಿ.

ನನಗೆ ಇಷ್ಟವಾಗುವುದು ಚಳಿಗಾಲದ ಕೊನೆ. ಎಲೆ ಇನ್ನೂ ಬಂದಿರುವುದಿಲ್ಲ, ಗಂಡು ಹೂವಿನ ಗೊಂಚಲುಗಳು ಬೆರಳುದ್ದಕ್ಕೆ ಹಳದಿಯಾಗಿ ಜೋತಾಡುತ್ತವೆ. ಕೊಂಬೆ ತಟ್ಟಿದರೆ ಪರಾಗ ಪುಡಿಪುಡಿಯಾಗಿ ಹಾರುತ್ತದೆ. ಹೆಣ್ಣು ಹೂವು ಹುಡುಕಲು ಮುಖವನ್ನೇ ಕೊಂಬೆಯ ಹತ್ತಿರ ತರಬೇಕು. ಮೊಗ್ಗಿನ ತುದಿಯಲ್ಲಿ ನಾಲ್ಕಾರು ಕೆಂಪು ಎಳೆ, ಅದೇ ಹೂವು. ಇದು ಬರ್ಚ್ ಮರದ ಕುಟುಂಬದ್ದು. ಬರ್ಚ್ ಪರಾಗದಿಂದ ಅಲರ್ಜಿ ಆಗುವವರಿಗೆ ಇದರದ್ದೂ ಆಗಬಹುದು, ಕಿಟಕಿ ಹತ್ತಿರ ಬೇಡ.

ಕಾಯಿಯ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಮುಳ್ಳುಮುಳ್ಳಾದ, ಅಂಟಂಟಾದ ಹೊದಿಕೆಯೊಳಗೆ ಗೊಂಚಲಾಗಿ ಬಿಡುತ್ತದೆ. ಚಿಪ್ಪು ದಪ್ಪ, ತಿರುಳು ಸಣ್ಣದು. ತಿನ್ನಬಹುದು, ಆದರೆ ಒಡೆಯುವ ಶ್ರಮಕ್ಕೆ ಸಾಲದು. ಹೇಜಲ್‌ಗಳಿಗೆ ಬೇರೊಂದು ಗಿಡದ ಪರಾಗ ಗಾಳಿಯಲ್ಲಿ ಬರಬೇಕು. ಒಂಟಿ ಮರದಲ್ಲಿ ಜೊಳ್ಳೇ ಹೆಚ್ಚು. ಗಟ್ಟಿ ಕಾಯಿ ಸಿಕ್ಕರೆ, ಅಳಿಲು ಬಿಟ್ಟರೆ, ಒಣಗಲು ಬಿಡದೆ ಒದ್ದೆ ಮರಳಿನಲ್ಲಿ ಹುದುಗಿಸಿ ಮೂರ್ನಾಲ್ಕು ತಿಂಗಳು ತಣ್ಣಗಿನ ಜಾಗದಲ್ಲಿಡಿ. ಮೊಳಕೆ ಬಂದ ಕೂಡಲೇ ಆಳವಾದ ಕುಂಡಕ್ಕೆ ಹಾಕಿ. ಜಾಗ ಮೊದಲೇ ಗೊತ್ತಿದ್ದರೆ ನೇರ ನೆಲಕ್ಕೇ ಊರುವುದು ಇನ್ನೂ ಒಳ್ಳೆಯದು, ಮೇಲೊಂದು ಜಾಲರಿ ಮುಚ್ಚಿ.