ಹಾರ್ಟ್ ಪೆಟ್ ಸ್ಕ್ಯಾನಲ್ಲಿ ರಕ್ತದ ಹರಿವು ಅಳೆಯೋದು: ನನ್ನ ಅನುಭವ

ನಾನು ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್. ಹಾರ್ಟಿನ ಸ್ನಾಯುವಿನ ಯಾವ ಭಾಗಕ್ಕೆ ಎಷ್ಟು ರಕ್ತ ಹೋಗ್ತಿದೆ ಅಂತ ನೋಡೋಕೆ ನಾವು ಬಳಸೋದು ನೈಟ್ರೋಜನ್-13 ಅಮೋನಿಯಾ, ಅಂದ್ರೆ ರಕ್ತದ ಜೊತೆ ಹೋಗಿ ಸ್ಕ್ಯಾನಲ್ಲಿ ಕಾಣೋ ವಿಕಿರಣಶೀಲ ಔಷಧಿ. ಹತ್ತು ನಿಮಿಷಕ್ಕೆ ಅರ್ಧ ಖಾಲಿ ಆಗುತ್ತೆ, ಹಾಗಾಗಿ ಅದನ್ನ ತಯಾರಿಸೋ ಯಂತ್ರ, ಸೈಕ್ಲೋಟ್ರಾನ್, ನಮ್ಮ ಬಿಲ್ಡಿಂಗಲ್ಲೇ ಇದೆ, ಕೆಳಗಿಂದ ಡೋಸ್ ರೆಡಿ ಅಂತ ಫೋನ್ ಬರೋ ಹೊತ್ತಿಗೆ ಪೇಷಂಟ್ ಟೇಬಲ್ ಮೇಲೆ ಮಲಗಿ, ಕೈಗೆ ಐವಿ ಲೈನ್ ಹಾಕಿ, ಸಿಟಿ ಸ್ಕ್ಯಾನ್ ಮುಗಿದಿರ್ಬೇಕು.

ಕಾಫಿ ಕುಡೀಬೇಡಿ ಅಂತ ಹಿಂದಿನ ದಿನಾನೇ ಹೇಳಿರ್ತೀವಿ, ಆದ್ರೂ ಬೆಳಿಗ್ಗೆ ನಾನು ಮತ್ತೆ ಕೇಳ್ತೀನಿ. "ಕಾಫಿ ಮುಟ್ಟಿಲ್ಲಪ್ಪ, ಅರ್ಧ ಲೋಟ ಟೀ ಅಷ್ಟೇ" ಅಂತಾರೆ ಕೆಲವರು. ಟೀಲೂ ಕೆಫೀನ್ ಇದೆಯಲ್ಲ, ರಕ್ತನಾಳ ಅಗಲ ಮಾಡೋಕೆ ನಾವು ಕೊಡೋ ಅಡೆನೋಸಿನ್ ಅನ್ನೋ ಔಷಧಿ ಕೂರೋ ಜಾಗದಲ್ಲಿ ಕೆಫೀನ್ ಹೋಗಿ ಕೂತುಬಿಟ್ರೆ ರಕ್ತನಾಳ ಸರಿಯಾಗಿ ಅಗಲ ಆಗಲ್ಲ, ಚೆನ್ನಾಗಿರೋ ಹಾರ್ಟೂ ರಿಪೋರ್ಟಲ್ಲಿ ಕೆಟ್ಟದಾಗಿ ಕಾಣುತ್ತೆ. ಅಂಥವರಿಗೆ ಬೇರೆ ದಿನ ಬನ್ನಿ ಅಂತೀನಿ, ಬೈದ್ರೂ ಪರವಾಗಿಲ್ಲ.

ನಿಜವಾದ ಕೆಲಸ ಇರೋದು ಇಂಜೆಕ್ಷನ್ ಕೊಟ್ಟ ಮೊದಲ ಎರಡು ನಿಮಿಷದಲ್ಲಿ. ಕ್ಯಾಮೆರಾ ಮೊದ್ಲು ಸ್ಟಾರ್ಟ್ ಮಾಡ್ಬೇಕು, ಆಮೇಲೆ ಡೋಸ್, ಹಿಂದೇನೇ ಸಲೈನ್. ಸ್ಕ್ರೀನಲ್ಲಿ ಬಲ ಕುಹರ (ಹಾರ್ಟಿನ ಬಲಗಡೆ ಕೆಳಗಿನ ಕೋಣೆ) ಬೆಳಗುತ್ತೆ, ಶ್ವಾಸಕೋಶ, ಎಡ ಕುಹರ, ನಿಧಾನಕ್ಕೆ ಸುತ್ತಲ ಸ್ನಾಯು. ಎಡ ಕುಹರದ ಕರ್ವ್ (ಹೊತ್ತು ಕಳೆದ ಹಾಗೆ ಡೋಸ್ ಏರಿಳಿಯೋದನ್ನ ತೋರಿಸೋ ಗೆರೆ) ನೋಡಿದ್ರೆ ರಕ್ತದಲ್ಲಿ ಎಷ್ಟು ಡೋಸ್ ಬಂತು ಗೊತ್ತಾಗುತ್ತೆ, ಸ್ನಾಯುವಿನ ಗೋಡೆಯ ಕರ್ವಲ್ಲಿ ಎಷ್ಟು ಒಳಗೆ ಹೋಯ್ತು ಅಂತ, ಇವೆರಡನ್ನೂ ಇಟ್ಕೊಂಡು ಸಾಫ್ಟ್‌ವೇರ್ ಪ್ರತಿ ಗ್ರಾಂ ಸ್ನಾಯುಗೆ ನಿಮಿಷಕ್ಕೆ ಎಷ್ಟು ಎಂಎಲ್ ಅಂತ ಲೆಕ್ಕ ಹಾಕುತ್ತೆ. ಡೋಸ್ ಕೈಯಲ್ಲೇ ಲೀಕ್ ಆಗಿ ನಿಂತ್ರೆ ಆ ಕರ್ವೇ ಹಾಳು.

ಮೊದ್ಲು ಆರಾಮಾಗಿ ಮಲಗಿದ್ದಾಗ ಮಾಡೋ ರೆಸ್ಟ್ ಸ್ಕ್ಯಾನ್, ಅದಾಗಿ ಹೆಚ್ಚುಕಮ್ಮಿ 50 ನಿಮಿಷ ಬಿಟ್ಟು ಸ್ಟ್ರೆಸ್, ಅಂದ್ರೆ ಅಡೆನೋಸಿನ್ ಕೊಟ್ಟು ಇನ್ನೊಂದು ಸ್ಕ್ಯಾನ್. ಅಡೆನೋಸಿನ್ ಕೆಜಿಗೆ ನಿಮಿಷಕ್ಕೆ 140 ಮೈಕ್ರೋಗ್ರಾಂ, ಬೇರೆ ಲೈನಲ್ಲೇ ಕೊಡ್ತೀವಿ, ಒಂದೇ ಲೈನಾದ್ರೆ ಡೋಸ್ ಒತ್ತಿದಾಗ ಒಳಗಿರೋ ಅಡೆನೋಸಿನ್ನೂ ಒಟ್ಟಿಗೆ ನುಗ್ಗಿ ಹಾರ್ಟ್ ಬ್ಲಾಕ್ (ನಾಳ ಕಟ್ಟೋದಲ್ಲ, ಹಾರ್ಟಿನ ವಿದ್ಯುತ್ ಸಂಕೇತಕ್ಕೆ ತಡೆ) ಆಗ್ಬಹುದು. ಎದೆ ಭಾರ ಆಗುತ್ತೆ, ಮುಖ ಬಿಸಿಯಾಗುತ್ತೆ, ಉಸಿರು ಜೋರಾಗುತ್ತೆ ಅಂತ ಮೊದ್ಲೇ ಹೇಳಿ ಪಕ್ಕದಲ್ಲೇ ನಿಂತಿರ್ತೀನಿ, ಯಾಕಂದ್ರೆ ಗಾಬರಿಯಾಗಿ ಅಲುಗಾಡಿದ್ರೆ ಕಷ್ಟ. ಅಲುಗಾಡದೇ ಇದ್ರೂ ಜೋರು ಉಸಿರಿಗೆ ಹಾರ್ಟ್ ಸ್ವಲ್ಪ ಜಾಗ ಬದಲಿಸುತ್ತೆ, ಅದಕ್ಕೇ ಫ್ರೇಮ್ ಫ್ರೇಮ್ ಓಡಿಸಿ ಸಾಫ್ಟ್‌ವೇರಲ್ಲಿ ಗೋಡೆ ಅಂತ ಹಾಕಿರೋ ಗುರುತು ಜಾರಿ ಕುಹರದ ರಕ್ತದ ಮೇಲೆ ಬಿದ್ದಿದ್ಯಾ ಅಂತ ನೋಡ್ದೆ ನಾನು ನಂಬರ್ ಡಾಕ್ಟ್ರಿಗೆ ಕಳಿಸಲ್ಲ.

ಇಷ್ಟೆಲ್ಲ ಯಾಕೆ ಅಂದ್ರೆ, ಮಾಮೂಲಿ ಚಿತ್ರ ಹಾರ್ಟಿನ ಒಂದು ಭಾಗವನ್ನ ಇನ್ನೊಂದು ಭಾಗಕ್ಕೆ ಹೋಲಿಸುತ್ತೆ ಅಷ್ಟೇ, ಹಾರ್ಟಿಗೆ ರಕ್ತ ಕೊಡೋ ಮೂರೂ ನಾಳ ಒಂದೇ ಸಮ ಕಟ್ಟಿದ್ರೆ ಎಲ್ಲಾ ಕಡೆ ಒಂದೇ ಬಣ್ಣ ಬಂದು ನಾರ್ಮಲ್ ಅನ್ಸುತ್ತೆ. ಹಾಗೆ ಚಿತ್ರ ಸಮ ಇದ್ದು, ರೆಸ್ಟಲ್ಲಿ 0.9, ಸ್ಟ್ರೆಸ್ಸಲ್ಲಿ ಬರೀ 1.2 ಅಂತ ನಂಬರ್ ಬಂದ್ರೆ (ಆರೋಗ್ಯವಂತರಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಏರ್ಬೇಕು), ಕರ್ವ್ ಇನ್ನೊಂದ್ಸಲ ನೋಡಿ, ಪೇಷಂಟ್ ಹೊರಡೋಕೆ ಮುಂಚೆ ಡಾಕ್ಟ್ರಿಗೆ ಫೋನ್ ಮಾಡ್ತೀನಿ.