ನೂರು ಅಂಕ, ಹತ್ತು ಆಲ್ಬಂ: ನಾವು ವರ್ಷದ ಪಟ್ಟಿ ಮಾಡುವ ಬಗೆ

ಇಂಗ್ಲಿಷ್ ಪಾಪ್ ಮತ್ತು ರಾಕ್ ಸಂಗೀತದ ವರ್ಷಾಂತ್ಯದ ಪಟ್ಟಿಗಳನ್ನು ಕಾಲೇಜಿನ ದಿನಗಳಿಂದಲೂ ಓದುತ್ತ ಬಂದಿದ್ದೇನೆ. ಕೆಲವು ವರ್ಷ ಪತ್ರಿಕೆಗಳಿಗೆ ಆಲ್ಬಂ ವಿಮರ್ಶೆಯನ್ನೂ ಬರೆದೆ. ಈಗ ಪ್ರತಿ ಚಳಿಗಾಲದಲ್ಲಿ ಬೆಂಗಳೂರಿನ ನಮ್ಮ ಮನೆಯಲ್ಲಿ ನಾಲ್ಕೈದು ಜನ ಸೇರಿ ನಮ್ಮದೇ ಒಂದು ಪಟ್ಟಿ ಕಟ್ಟುತ್ತೇವೆ. ಯಾವುದು ಮೊದಲು, ಯಾವುದು ಐದನೆಯದು ಎಂದು ಬಾಯಿಗೆ ಬಂದಂತೆ ಹೇಳಿ ಮುಗಿಸುವುದಿಲ್ಲ. ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಅದನ್ನು ಕಲಿತದ್ದು ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ವಾರಪತ್ರಿಕೆಯಿಂದ.

ರಾಬರ್ಟ್ ಕ್ರಿಸ್ಟ್‌ಗೌ ಎಂಬ ವಿಮರ್ಶಕರು 1971ರಲ್ಲಿ ಆ ಪತ್ರಿಕೆಯಲ್ಲಿ ‘ಪ್ಯಾಜ್ ಆ್ಯಂಡ್ ಜಾಪ್’ ಎಂಬ ಮತದಾನ ಶುರು ಮಾಡಿದರು. ನಡುವೆ ಎರಡು ವರ್ಷ ಬಿಟ್ಟು, 1974ರಿಂದ ಅದು ಪ್ರತಿ ವರ್ಷ ನಡೆಯಿತು. 2018ರ ಆಲ್ಬಂಗಳಿಗೆ ಹಾಕಿದ ಮತವೇ ಕೊನೆಯದು. ನಿಯಮ ಸರಳ. ಪ್ರತಿ ವಿಮರ್ಶಕರ ಕೈಯಲ್ಲಿ 100 ಅಂಕ, ಅದನ್ನು 10 ಆಲ್ಬಂಗಳಿಗೆ ಹಂಚಬೇಕು. ಒಂದು ಆಲ್ಬಂಗೆ 30ಕ್ಕಿಂತ ಹೆಚ್ಚು ಕೊಡುವಂತಿಲ್ಲ, 5ಕ್ಕಿಂತ ಕಡಿಮೆಯೂ ಕೊಡುವಂತಿಲ್ಲ.

ಇದರಲ್ಲೇನು ವಿಶೇಷ ಎಂದು ಕೇಳಬಹುದು. ಬರೀ ಸ್ಥಾನ ಹೇಳುವ ಪಟ್ಟಿಯಲ್ಲಿ ಒಂದಕ್ಕೂ ಎರಡಕ್ಕೂ ನಡುವೆ ಎಷ್ಟು ಅಂತರ ಎಂದು ತಿಳಿಯುವುದೇ ಇಲ್ಲ. ಇಬ್ಬರು ಒಂದೇ ಆಲ್ಬಂಗೆ ಮೊದಲ ಸ್ಥಾನ ಕೊಟ್ಟರು ಅನ್ನಿ. ಒಬ್ಬರು ಅದಕ್ಕೆ 11 ಅಂಕ ಕೊಟ್ಟಿದ್ದಾರೆ, ಅಂದರೆ ಆ ವರ್ಷ ಅವರ ಮನಸ್ಸನ್ನು ಯಾವುದೂ ಪೂರ್ತಿ ಹಿಡಿದಿಲ್ಲ. ಇನ್ನೊಬ್ಬರು 30 ಕೊಟ್ಟಿದ್ದಾರೆ, ಅದಕ್ಕಾಗಿ ಉಳಿದ ಒಂಬತ್ತರಿಂದಲೂ ಕಿತ್ತುಕೊಂಡಿದ್ದಾರೆ. ಇಬ್ಬರಿಗೂ ಅದೇ ‘ವರ್ಷದ ಶ್ರೇಷ್ಠ ಆಲ್ಬಂ’, ಆದರೆ ಇಬ್ಬರ ಪ್ರೀತಿ ಒಂದೇ ತೂಕದ್ದಲ್ಲ. ನಮ್ಮ ಕೂಟದಲ್ಲಿ ಈ ಕ್ರಮ ತಂದ ಮೇಲೆ ವಾದದ ಧಾಟಿಯೇ ಬದಲಾಯಿತು. ‘ಚೆನ್ನಾಗಿದೆ’ ಎಂಬ ಮಾತಿಗೆ ಬೆಲೆ ಇಳಿಯಿತು. ಚೆನ್ನಾಗಿದ್ದರೆ ಎಷ್ಟು ಅಂಕ, ಅದನ್ನು ಯಾವುದರಿಂದ ಕಿತ್ತು ಕೊಡುತ್ತೀಯ ಎಂದು ಕೇಳಬಹುದಾಯಿತು.

ಎರಡನೆಯ ನಿಯಮ ನಾವೇ ಸೇರಿಸಿಕೊಂಡದ್ದು. ಜನವರಿಗೆ ಮೊದಲು ಪಟ್ಟಿ ಮುಗಿಸುವುದಿಲ್ಲ. ಬಹಳಷ್ಟು ಪತ್ರಿಕೆಗಳು ನವೆಂಬರ್ ಕೊನೆಗೋ ಡಿಸೆಂಬರ್ ಮೊದಲ ವಾರಕ್ಕೋ ಪಟ್ಟಿ ಹೊರಗೆ ಬಿಡುತ್ತವೆ. ಆಮೇಲೆ ಬಂದದ್ದಕ್ಕೆ ಜಾಗ ಇಲ್ಲ. ಬಿಯಾನ್ಸೆ ತನ್ನ ಹೆಸರಿನದೇ ಆಲ್ಬಂ ಅನ್ನು ಮುನ್ಸೂಚನೆಯೇ ಇಲ್ಲದೆ ಬಿಟ್ಟದ್ದು 2013ರ ಡಿಸೆಂಬರ್ 13ರಂದು. ಡಿ’ಏಂಜೆಲೋ ಅವರ ‘ಬ್ಲ್ಯಾಕ್ ಮೆಸಾಯಾ’ ಬಂದದ್ದು 2014ರ ಡಿಸೆಂಬರ್ 15ರಂದು, ಸಿಝಾ ಅವರ ‘ಎಸ್‌ಒಎಸ್’ 2022ರ ಡಿಸೆಂಬರ್ 9ರಂದು. ಮೂರೂ ತಮ್ಮ ತಮ್ಮ ವರ್ಷದ ದೊಡ್ಡ ಕೆಲಸಗಳು. ವಿಲೇಜ್ ವಾಯ್ಸ್ ಫಲಿತಾಂಶ ಜನವರಿಯಲ್ಲಿ ಬರುತ್ತಿದ್ದುದರಿಂದ ಆ ವರ್ಷ ‘ಬ್ಲ್ಯಾಕ್ ಮೆಸಾಯಾ’ ಅಲ್ಲಿ ಮೊದಲ ಸ್ಥಾನಕ್ಕೆ ಬಂತು. ಅವಸರದಲ್ಲಿ ಮುಗಿದ ಪಟ್ಟಿಗಳಲ್ಲಿ ಅದರ ಹೆಸರೇ ಇರಲಿಲ್ಲ.

ಇಷ್ಟು ಲೆಕ್ಕಾಚಾರದ ಮಾತು. ನಿಜವಾದ ಕಷ್ಟ ಶುರುವಾಗುವುದು ಒಂದು ಬಗೆಯ ಪಾಪ್ ಎದುರಾದಾಗ. ತಾನು ಪಾಪ್ ಎಂದು ತನಗೇ ಗೊತ್ತಿರುವ, ಅದನ್ನು ಹಾಡಿನೊಳಗೇ ಹೇಳುವ ಪಾಪ್. ಹಾಡುವವಳು ತನ್ನ ಖ್ಯಾತಿಯ ಬಗ್ಗೆ, ತನ್ನ ಬಗ್ಗೆ ಪತ್ರಿಕೆಗಳು ಏನು ಬರೆಯುತ್ತವೆ ಎಂಬುದರ ಬಗ್ಗೆ, ಈ ಹಾಡು ಮಾರಾಟದ ಸರಕು ಎಂಬುದರ ಬಗ್ಗೆ ಹಾಡುತ್ತಾಳೆ. ಇದು ಹೊಸದಲ್ಲ. ‘ಪೆಟ್ ಶಾಪ್ ಬಾಯ್ಸ್’ ಎಂಬ ಬ್ರಿಟಿಷ್ ಪಾಪ್ ಜೋಡಿಯ ನೀಲ್ ಟೆನಂಟ್ ಹಾಡುಗಾರನಾಗುವ ಮೊದಲು ‘ಸ್ಮ್ಯಾಶ್ ಹಿಟ್ಸ್’ ಎಂಬ ಪಾಪ್ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದವರು. ಪಾಪ್ ತಾರೆಯರನ್ನು ಹೇಗೆ ಕಟ್ಟುತ್ತಾರೆ ಎಂದು ಒಳಗಿನಿಂದ ನೋಡಿ, ಆ ತಿಳಿವಳಿಕೆಯನ್ನೇ ಹಾಡಾಗಿಸಿದರು. 2014ರಲ್ಲಿ ಟೇಲರ್ ಸ್ವಿಫ್ಟ್ ‘ಬ್ಲ್ಯಾಂಕ್ ಸ್ಪೇಸ್’ನಲ್ಲಿ ಗಾಸಿಪ್ ಪತ್ರಿಕೆಗಳು ಕಟ್ಟಿದ್ದ ತನ್ನ ಚಿತ್ರವನ್ನೇ ಪಾತ್ರವಾಗಿ ತೊಟ್ಟು ಹಾಡಿದಳು.

ವಿಮರ್ಶಕರಿಗೆ ಈ ಬಗೆಯ ಪಾಪ್ ತುಂಬ ಹಿಡಿಸುತ್ತದೆ. ವಿಮರ್ಶೆ ಬರೆದು ಗೊತ್ತಿರುವುದರಿಂದ ಕಾರಣವನ್ನು ನನ್ನ ಮೇಜಿನಿಂದಲೇ ಹೇಳಬಲ್ಲೆ. ನಾನೂರು ಪದದಲ್ಲಿ, ನಾಳೆ ಬೆಳಗ್ಗೆಯೊಳಗೆ ಒಂದು ಆಲ್ಬಂ ಬಗ್ಗೆ ಬರೆಯಬೇಕು. ಬೇಸ್ ಹೇಗೆ ಕೂತಿದೆ, ದನಿಯ ಮೇಲೆ ಆಟೋಟ್ಯೂನ್ (ಶ್ರುತಿ ತಿದ್ದುವ ತಂತ್ರಾಂಶ) ಯಾಕೆ ಅಷ್ಟು ಗಟ್ಟಿಯಾಗಿದೆ, ಎರಡನೆಯ ಚರಣದಲ್ಲಿ ಡ್ರಮ್ಮು ಯಾಕೆ ಮಾಯವಾಯಿತು ಎಂದು ಬರೆಯುವುದು ಕಷ್ಟ. ಸಾಹಿತ್ಯದ ಸಾಲು ಎತ್ತಿಕೊಂಡು ಅದರ ಮೇಲೆ ಬರೆಯುವುದು ಸುಲಭ. ತನ್ನನ್ನು ತಾನೇ ಅರ್ಥೈಸಿಕೊಳ್ಳುವ ಆಲ್ಬಂ ವಿಮರ್ಶಕನ ಅರ್ಧ ಕೆಲಸ ಮುಗಿಸಿಯೇ ಕೈಗೆ ಬರುತ್ತದೆ. ಆದ್ದರಿಂದ ಅಂಥ ಆಲ್ಬಂಗೆ ಅಂಕ ಕೊಡುವ ಮುನ್ನ, ನಾನು ಮೆಚ್ಚುತ್ತಿರುವುದು ಸಂಗೀತವನ್ನೋ ಅದು ನನಗೆ ಒದಗಿಸಿದ ವಾದವನ್ನೋ ಎಂದು ವಿಚಾರಿಸಿಕೊಳ್ಳಬೇಕಾಗುತ್ತದೆ.

ಅದಕ್ಕೆಂದೇ ಕೇಳುವ ಕ್ರಮ ಒಂದನ್ನು ರೂಢಿಸಿಕೊಂಡಿದ್ದೇನೆ. ಮೊದಲ ಸುತ್ತಿನಲ್ಲಿ ಸಾಹಿತ್ಯ ಓದುವುದಿಲ್ಲ, ಸಂದರ್ಶನ ನೋಡುವುದಿಲ್ಲ. ಅಡುಗೆಮನೆಯ ಸ್ಪೀಕರಿನಲ್ಲಿ ಹಾಕಿ ಕೆಲಸ ಮಾಡುತ್ತ ಕೇಳುತ್ತೇನೆ. ಕೈ ಯಾವಾಗ ನಿಂತಿತು ಎಂಬುದನ್ನು ಗಮನಿಸಿಕೊಳ್ಳುತ್ತೇನೆ. ಎರಡನೆಯ ಸುತ್ತು ಹೆಡ್‌ಫೋನಿನಲ್ಲಿ, ರಾತ್ರಿ. ಆಮೇಲೆ ಆ ಆಲ್ಬಂ ಅನ್ನು ಕೆಲವು ವಾರ ಮುಟ್ಟುವುದಿಲ್ಲ. ಬಿಟ್ಟಿದ್ದಾಗ ಯಾವ ಹಾಡು ತಾನಾಗಿ ಬಾಯಿಗೆ ಬಂತು ಎಂದು ಚೀಟಿಯಲ್ಲಿ ಬರೆದಿಡುತ್ತೇನೆ. ಸಾಹಿತ್ಯ, ಸಂದರ್ಶನ, ಹಿನ್ನೆಲೆಯ ಕಥೆ ಎಲ್ಲ ಇದಾದ ಮೇಲೆ. ಹೀಗೆ ಕೇಳಿದಾಗ ಕೆಲವು ಬುದ್ಧಿವಂತ ಆಲ್ಬಂಗಳು ಎರಡನೆಯ ಸುತ್ತಿಗೇ ಒಣಗಿಬಿಡುತ್ತವೆ. ಕೆಲವು ಸಾಹಿತ್ಯ ಓದಿದ ಮೇಲೆ ಎದ್ದು ನಿಲ್ಲುತ್ತವೆ, ಅವೇ ಗೆದ್ದವು.

2024ರ ಪಟ್ಟಿ ಈ ಕ್ರಮಕ್ಕೆ ದೊಡ್ಡ ಪರೀಕ್ಷೆಯಾಯಿತು. ಆ ವರ್ಷ ಜೂನ್ 7ರಂದು ಬ್ರಿಟಿಷ್ ಪಾಪ್ ಹಾಡುಗಾರ್ತಿ ಚಾರ್ಲಿ ಎಕ್ಸ್‌ಸಿಎಕ್ಸ್ ಅವರ ‘ಬ್ರ್ಯಾಟ್’ ಬಂತು. ಗಿಣಿಹಸಿರಿನ ಮೇಲೆ ಮಸುಕಾದ ಅಕ್ಷರದಲ್ಲಿ ಒಂದೇ ಒಂದು ಪದ ಇರುವ ಹೊದಿಕೆ. ವರ್ಷಾಂತ್ಯದ ಹಲವು ಪಟ್ಟಿಗಳಲ್ಲಿ ಅದು ಮೊದಲ ಸ್ಥಾನಕ್ಕೆ ಏರಿತು. ಕಾಲಿನ್ಸ್ ನಿಘಂಟಿನವರು ಆ ಪದವನ್ನೇ ವರ್ಷದ ಪದ ಎಂದರು. ನಮ್ಮ ಕೂಟದಲ್ಲಿ ಅದರ ಎದುರು ನಿಂತದ್ದು ಸಿಂಡಿ ಲೀ ಹೆಸರಿನಲ್ಲಿ ಬಂದ ‘ಡೈಮಂಡ್ ಜುಬಿಲಿ’. 32 ಹಾಡು, ಎರಡು ಗಂಟೆ. ಬಂದಾಗ ಸ್ಪಾಟಿಫೈನಲ್ಲಿ ಇರಲಿಲ್ಲ. ಯೂಟ್ಯೂಬಿನಲ್ಲಿ ಒಂದೇ ಉದ್ದನೆಯ ವೀಡಿಯೊ ಆಗಿ ಕೇಳಬೇಕಿತ್ತು, ಇಲ್ಲವೇ ಹಳೆಯ ಕಾಲದಂತೆ ಫೈಲುಗಳನ್ನು ಇಳಿಸಿಕೊಳ್ಳಬೇಕಿತ್ತು. ಅರವತ್ತರ ದಶಕದ ರೇಡಿಯೊ ಯಾವುದೋ ದೂರದ ಊರಿನಿಂದ ಗೊರಗೊರ ಎನ್ನುತ್ತ ಬರುವಂಥ ಗಿಟಾರು, ತೇಲುವ ದನಿ.

ನನ್ನ ಗೆಳೆಯನೊಬ್ಬ ಅದಕ್ಕೆ ಪೂರ್ತಿ 30 ಕೊಟ್ಟ. ಅವನು ಬೆಂಗಳೂರಿನ ಹಳೆಯ ರಾಕ್ ಮನುಷ್ಯ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ನುಡಿಸಿದಾಗ ಮುಂದಿನ ಸಾಲಿನಲ್ಲಿದ್ದವನು. ಈ ಊರಿನ ಕೇಳುಗರಲ್ಲಿ ಆ ಪರಂಪರೆ ಗಟ್ಟಿಯಾಗಿದೆ. ತಾವೇ ಬರೆದು ತಾವೇ ನುಡಿಸಿದರೆ ನಿಜ, ಮಿಕ್ಕದ್ದು ತಯಾರಿಸಿದ್ದು ಎಂಬ ನಂಬಿಕೆ ಅದು. ಇಂಗ್ಲಿಷಿನಲ್ಲಿ ಇದಕ್ಕೆ ‘ರಾಕಿಸಂ’ ಎನ್ನುತ್ತಾರೆ. 2004ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ವಿಮರ್ಶಕ ಕೆಲೆಫಾ ಸಾನೆ ಈ ನಂಬಿಕೆಯ ವಿರುದ್ಧ ಬರೆದ ಲೇಖನ ವಿಮರ್ಶಕರ ವಲಯದಲ್ಲಿ ದೊಡ್ಡ ಚರ್ಚೆ ಎಬ್ಬಿಸಿತ್ತು. ಗೆಳೆಯನ ಮಾತು ಒಂದೇ: “ಇದರಲ್ಲಿ ನಾಟಕ ಇಲ್ಲ ಕಣೋ. ಆ ಹಸಿರು ಆಲ್ಬಂ ಪೂರ್ತಿ ಜಾಹೀರಾತು.”

ಆದರೆ ಸಿಂಡಿ ಲೀ ಎಂಬುದೇ ಒಂದು ವೇಷ. ಕೆನಡಾದ ಕ್ಯಾಲ್ಗರಿಯ ‘ವಿಮೆನ್’ ಎಂಬ ಬ್ಯಾಂಡಿನಲ್ಲಿದ್ದ ಪ್ಯಾಟ್ರಿಕ್ ಫ್ಲೆಗೆಲ್ ವಿಗ್ಗು, ಗೌನು ತೊಟ್ಟು ವೇದಿಕೆಯ ಮೇಲೆ ಸಿಂಡಿ ಆಗುತ್ತಾರೆ. ಹಳೆಯ ರೇಡಿಯೊದಂಥ ಆ ಗೊರಗೊರವೂ ಬೇಕೆಂದೇ ಮಾಡಿದ ಅಲಂಕಾರ. ಅಂದಮೇಲೆ ಒಂದರಲ್ಲಿ ನಾಟಕ ಇದೆ, ಇನ್ನೊಂದರಲ್ಲಿ ಇಲ್ಲ ಎಂಬ ಗೆರೆ ನಿಲ್ಲುವುದಿಲ್ಲ. ಯಕ್ಷಗಾನದಲ್ಲಿ ವೇಷಧಾರಿ ಯುದ್ಧದ ಪ್ರಸಂಗದ ನಡುವೆಯೇ ಭಾಗವತರ ಕಡೆ ತಿರುಗಿ ಮಾತಾಡುತ್ತಾನೆ. ಎದುರಿಗೆ ಇರುವುದು ಬಣ್ಣ ಹಚ್ಚಿದ ಮನುಷ್ಯ ಎಂದು ಎಲ್ಲರಿಗೂ ಗೊತ್ತು, ಆದರೂ ಕರ್ಣ ಸಾಯುವಾಗ ಕಣ್ಣು ತುಂಬುತ್ತದೆ. ವೇಷ ಇದೆಯೇ ಎಂಬುದನ್ನು ಬಿಟ್ಟು, ವೇಷ ಏನು ಮಾಡಲು ಬಿಟ್ಟಿತು ಎಂದು ಕೇಳಬೇಕು. ಗೆಳೆಯ ಇದನ್ನು ಒಪ್ಪಿದ. ಅಂಕ ಮಾತ್ರ ಇಳಿಸಲಿಲ್ಲ. ಇಳಿಸಬೇಕಾಗಿಯೂ ಇರಲಿಲ್ಲ, ಆ ಆಲ್ಬಂನ ಹಾಡುಗಳು ಅಷ್ಟು ಒಳ್ಳೆಯವು.

‘ಬ್ರ್ಯಾಟ್’ಗೆ ನಾನು ಮೊದಲು ಬರೆದುಕೊಂಡದ್ದು 12. ಅಡುಗೆಮನೆಯ ಸುತ್ತಿನಲ್ಲಿ ನನ್ನ ಕೈ ನಿಲ್ಲಿಸಿದ್ದು ‘ವಾನ್ ಡಚ್’ನ ಗರಗಸದಂಥ ಸಿಂಥಸೈಜರ್ ದನಿ. ಮೊದಲ ಹಾಡು ‘360’ ಕೊನೆಯಲ್ಲಿ ‘365’ ಆಗಿ, ಇನ್ನಷ್ಟು ಹುಚ್ಚೆದ್ದು ವಾಪಸ್ ಬರುವ ರಚನೆಯೂ ಇಷ್ಟವಾಗಿತ್ತು. 41 ನಿಮಿಷದ ಆಲ್ಬಂನಲ್ಲಿ ಅಂಥ ರಚನೆ ಸುಲಭವಲ್ಲ. ನನಗೆ ಹಿಡಿಸದಿದ್ದದ್ದು ‘ನಾನೆಷ್ಟು ದೊಡ್ಡವಳು ನೋಡಿ’ ಎನ್ನುವ ಹಾಡುಗಳು. ಅವು ಜಾಣತನದಲ್ಲೇ ನಿಂತವು ಅನಿಸಿತ್ತು.

ಅಕ್ಕನ ಮಗಳು ಅದಕ್ಕೆ 30 ಕೊಟ್ಟಿದ್ದಳು. ನನ್ನ ಹಾಳೆ ನೋಡಿ ನೇರವಾಗಿ ಕೇಳಿದಳು: “ಮಾವ, ನೀವು ಹಾಡುಗಳನ್ನ ಒಂದೊಂದಾಗಿ ತೂಗ್ತಿದ್ದೀರ. ‘360’ನಲ್ಲಿ ಅಷ್ಟು ಜಂಬ ಮಾಡಿದವಳೇ ‘ಸೋ ಐ’ ಹಾಡ್ತಾಳಲ್ಲ, ಆ ಜಂಬ ಇಲ್ದೇ ಇದ್ರೆ ಈ ಹಾಡು ಹೀಗೆ ತಾಕ್ತಿತ್ತಾ?”

‘ಸೋ ಐ’ ಸೋಫಿಯ ನೆನಪಿನ ಹಾಡು. ಚಾರ್ಲಿಯ ಜೊತೆ ಕೆಲಸ ಮಾಡಿದ, ಈ ಕಾಲದ ಪಾಪ್ ಧ್ವನಿಯನ್ನೇ ತಿರುಗಿಸಿದ ನಿರ್ಮಾಪಕಿ ಸೋಫಿ 2021ರ ಜನವರಿಯಲ್ಲಿ ಅಥೆನ್ಸಿನಲ್ಲಿ ತೀರಿಕೊಂಡರು. ಬದುಕಿದ್ದಾಗ ಹತ್ತಿರ ಹೋಗದೆ ಉಳಿದೆನಲ್ಲ ಎಂಬ ಸಂಕಟ ಆ ಹಾಡಿನಲ್ಲಿದೆ. ತನ್ನನ್ನು ತಾನು ಸದಾ ಹೊರಗಿನಿಂದ ನೋಡಿಕೊಳ್ಳುವ ಅಭ್ಯಾಸವೇ ಚಾರ್ಲಿಯನ್ನು ಹತ್ತಿರ ಹೋಗದಂತೆ ತಡೆದಿತ್ತು ಎಂದು ಅಕ್ಕನ ಮಗಳ ವಾದ. ಅವಳು ಇನ್ನೊಂದು ಉದಾಹರಣೆಯನ್ನೂ ತಂದಳು. ಆಲ್ಬಂನಲ್ಲಿ ಇನ್ನೊಬ್ಬ ಹಾಡುಗಾರ್ತಿಯ ಬಗ್ಗೆ ಅಸೂಯೆ, ಗೊಂದಲ ತೋಡಿಕೊಳ್ಳುವ ಒಂದು ಹಾಡಿದೆ. ಆಲ್ಬಂ ಬಂದ ಎರಡೇ ವಾರಕ್ಕೆ ಅದರ ರೀಮಿಕ್ಸ್ ಬಂತು. ಅದರಲ್ಲಿ ಆ ಹಾಡುಗಾರ್ತಿ ಲಾರ್ಡ್ ಸ್ವತಃ ಬಂದು, ದೂರ ಉಳಿದದ್ದು ತನ್ನ ಮೈಯ ಬಗ್ಗೆ ತನಗಿದ್ದ ಹಿಂಜರಿಕೆಯಿಂದ ಎಂದು ಉತ್ತರ ಕೊಟ್ಟಳು. ತನ್ನನ್ನು ನೋಡಿಕೊಳ್ಳುವ ಹಾಡೊಂದು ಎದುರಿನವರ ಬಾಯನ್ನೂ ತೆರೆಸಿತು.

ಆ ವಾದ ನನ್ನಲ್ಲಿ ಉಳಿಯಿತು. ಜನವರಿಯ ಕೊನೆಯ ಹಾಳೆಯಲ್ಲಿ ನಾನು ‘ಬ್ರ್ಯಾಟ್’ಗೆ 19 ಕೊಟ್ಟೆ. ಆ 7 ಅಂಕಕ್ಕೆ ಎರಡು ಒಳ್ಳೆಯ ಆಲ್ಬಂಗಳಿಂದ ಕಿತ್ತುಕೊಳ್ಳಬೇಕಾಯಿತು, ಅದು ಸಲೀಸಾಗಿರಲಿಲ್ಲ. ಅಂದಿನಿಂದ ಈ ಬಗೆಯ ಪಾಪ್ ಅಳೆಯಲು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ: ತನ್ನ ಬಗ್ಗೆ ತಿಳಿದಿರುವುದರಿಂದ ಈ ಹಾಡುಗಾರ್ತಿ ಏನನ್ನಾದರೂ ಕಳೆದುಕೊಳ್ಳುತ್ತಾಳೆಯೇ? ಬರೀ ಗೆಲ್ಲುತ್ತಿದ್ದರೆ ಅದು ಜಾಣತನ, ನನ್ನಿಂದ 8 ಅಂಕ. ಏನೋ ಕೈತಪ್ಪುತ್ತಿದ್ದರೆ, ಅದು ದನಿಯಲ್ಲೂ ಕೇಳಿಸಿದರೆ, ಅಲ್ಲಿಂದ ಮೇಲಕ್ಕೆ.

ಅಂಕಗಳು ಕಲ್ಲಿನ ಮೇಲೆ ಕೆತ್ತಿದ್ದಲ್ಲ ಎಂಬುದಕ್ಕೆ ದೊಡ್ಡವರ ಉದಾಹರಣೆಯೇ ಇದೆ. ಲಾನಾ ಡೆಲ್ ರೇ ಅವರ ‘ಬಾರ್ನ್ ಟು ಡೈ’ 2012ರಲ್ಲಿ ಬಂದಾಗ ಅವಳ ಹೆಸರು, ಸೋಗು, ತುಟಿ ಎಲ್ಲದರ ಮೇಲೂ ಚರ್ಚೆ ನಡೆಯಿತು. ‘ಪಿಚ್‌ಫೋರ್ಕ್’ ಎಂಬ ಸಂಗೀತ ವಿಮರ್ಶೆಯ ಜಾಲತಾಣ ಕೊಟ್ಟದ್ದು ಹತ್ತಕ್ಕೆ 5.5. ಏಳು ವರ್ಷದ ನಂತರ ಅವಳದೇ ಇನ್ನೊಂದು ಆಲ್ಬಂ ಅವರ 2019ರ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. 2021ರಲ್ಲಿ ಹಳೆಯ ಅಂಕಗಳನ್ನು ಮರುಪರಿಶೀಲಿಸಿದಾಗ ಆ 5.5 ಹೋಗಿ 7.8 ಆಯಿತು. ನಾನು ಇದನ್ನು ಪಿಚ್‌ಫೋರ್ಕ್‌ನ ದೌರ್ಬಲ್ಯ ಎಂದು ನೋಡುವುದಿಲ್ಲ. ಮೊದಲು ಎಷ್ಟಿತ್ತು, ಈಗ ಎಷ್ಟಾಯಿತು ಎಂದು ಎರಡನ್ನೂ ಓದುಗರ ಮುಂದಿಟ್ಟದ್ದು ಒಳ್ಳೆಯ ಪದ್ಧತಿ. ನಮ್ಮ ಹಳೆಯ ಹಾಳೆಗಳನ್ನೂ ನಾವು ಎಸೆಯುವುದಿಲ್ಲ, ಐದು ವರ್ಷಕ್ಕೊಮ್ಮೆ ತೆಗೆದು ಮತ್ತೆ ಅಂಕ ಹಾಕುತ್ತೇವೆ.

ನೀವೂ ಗೆಳೆಯರ ನಡುವೆ ಇಂಥ ಪಟ್ಟಿ ಶುರು ಮಾಡುವುದಾದರೆ ಒಂದು ವಿಷಯ ಹೇಳಬೇಕು. ಎಲ್ಲರ ಅಂಕ ಕೂಡಿಸಿ ತೆಗೆದ ಮೊತ್ತದ ಪಟ್ಟಿ ಅಷ್ಟೇನೂ ಸ್ವಾರಸ್ಯದ್ದಲ್ಲ. ಎಲ್ಲರೂ ಕೇಳಿದ ಆಲ್ಬಂ ಸಹಜವಾಗಿಯೇ ಮೇಲೆ ಬರುತ್ತದೆ, ಒಬ್ಬರೇ ಕೇಳಿ ಪ್ರಾಣ ಕೊಟ್ಟದ್ದು ಕೆಳಗೆ ಹೋಗುತ್ತದೆ. ವಿಲೇಜ್ ವಾಯ್ಸ್ ಒಬ್ಬೊಬ್ಬ ವಿಮರ್ಶಕರ ಮತಪತ್ರವನ್ನೂ ಓದುಗರಿಗೆ ತೆರೆದಿಡುತ್ತಿತ್ತು. ನನ್ನ ಕಪಾಟಿನ ಎಷ್ಟೋ ಪ್ರೀತಿಯ ಆಲ್ಬಂಗಳು ಸಿಕ್ಕದ್ದು ಅವರ ಮೊತ್ತದ ಪಟ್ಟಿಯ ಮೊದಲ ನಲವತ್ತರಿಂದಲ್ಲ, ಯಾರೋ ಒಬ್ಬರೇ 30 ಹಾಕಿದ್ದ ಮತಪತ್ರಗಳಿಂದ. ಆದ್ದರಿಂದ ಮೊತ್ತ ಓದುವ ಮೊದಲು ಪ್ರತಿಯೊಬ್ಬರ ಹಾಳೆಯನ್ನೂ ಓದಿ, ಮಿಕ್ಕ ಯಾರೂ ಹೆಸರಿಸದ ಆಲ್ಬಂ ಯಾವುದಿದೆಯೋ ಅದರಿಂದ ಒಂದು ಹಾಡನ್ನು ಎಲ್ಲರ ಎದುರು ಪೂರ್ತಿ ಹಾಕಿಸಿ. ನಡುವೆ ಯಾರೂ ಮಾತಾಡಬಾರದು. ನಮ್ಮಲ್ಲಿ ಕಳೆದ ಸಲ ಈ ಸರದಿಯೇ ರಾತ್ರಿ ಊಟದ ತನಕ ನಡೆಯಿತು, ಮೊತ್ತ ಕೂಡಿಸುವುದನ್ನು ಮರುದಿನಕ್ಕೆ ಇಟ್ಟುಕೊಂಡೆವು.